ರಾತ್ರಿ ಹನ್ನೊಂದರ ಉಷ್ಣತೆ



ಬಚ್ಚಲೊಲೆಯ ಮೇಲಿನ ತಾಮ್ರದ ಹಂಡೆಯಲ್ಲಿ ಕಾದ ನೀರು, ಉರಿ ನಂದಿ ಎಷ್ಟೋ ಹೊತ್ತಾದ ಮೇಲೂ ಕೈಗೆ ಬೆಚ್ಚಗೆ ಹತ್ತುತ್ತದೆ. ಅಷ್ಟೇ ಬಿಸಿಯಿದ್ದ ಕಾಫಿ ಲೋಟದಲ್ಲಿ ನೋಡನೋಡುತ್ತಲೇ ಆರಿಹೋಗುತ್ತದೆ. ಎರಡರ ಸುತ್ತಲೂ ಇರುವ ಗಾಳಿ ಒಂದೇ. ಒಡಲಲ್ಲಿ ಎಷ್ಟು ಶಾಖ ತುಂಬಿಟ್ಟುಕೊಳ್ಳಬಲ್ಲದು, ಅದನ್ನು ಎಷ್ಟು ಸಲೀಸಾಗಿ ಬಿಟ್ಟುಕೊಡುತ್ತದೆ ಎಂಬಲ್ಲಿ ಹಂಡೆಯೂ ಲೋಟವೂ ಬೇರೆಯಾಗುತ್ತವೆ. ತುಂಬಿಟ್ಟುಕೊಳ್ಳುವ ಶಕ್ತಿಗೆ ಉಷ್ಣಧಾರಣೆ ಎಂದೂ ಬಿಟ್ಟುಕೊಡಲು ಆಗುವ ಅಡ್ಡಿಗೆ ಉಷ್ಣರೋಧ ಎಂದೂ ಹೆಸರು. ಇವೆರಡನ್ನು ಗುಣಿಸಿದರೆ ಸಿಗುವುದು ಗಂಟೆಗಳಲ್ಲಿ ಹೇಳಬಹುದಾದ ಒಂದು ಅವಧಿ. ಅಷ್ಟು ಹೊತ್ತು ಕಳೆದರೆ, ಸುತ್ತಲಿನ ಗಾಳಿಗಿಂತ ಹೆಚ್ಚಾಗಿದ್ದ ಬಿಸಿ ಮೂರನೆಯ ಒಂದು ಪಾಲಿನ ಆಸುಪಾಸಿಗೆ ಇಳಿದಿರುತ್ತದೆ. ವಸ್ತುಗಳು ತಣಿಯುವ ಈ ಬಗೆಯನ್ನು ನ್ಯೂಟನ್ 1701ರಲ್ಲೇ ನಿಯಮವಾಗಿ ಬರೆದಿಟ್ಟಿದ್ದರು.

ಮನೆಗಳೂ ಹೀಗೆಯೇ. ತಗಡಿನ ಶೆಡ್ಡು ಲೋಟದ ಜಾತಿಯದು, ದಪ್ಪ ಮಣ್ಣುಗೋಡೆಯ ವಾಡೆ ಹಂಡೆಯ ಜಾತಿಯದು. ಹೊರಗಿನ ಉಷ್ಣತೆ ಏರಿ ಇಳಿಯುವಾಗ ಒಳಗಿನದು ಎಷ್ಟು ಏರುತ್ತದೆ, ಎಷ್ಟು ತಡವಾಗಿ ಏರುತ್ತದೆ ಎಂಬುದನ್ನು ಪಾಯ ತೋಡುವ ಮೊದಲೇ ಲೆಕ್ಕದಲ್ಲಿ ಕಂಡುಕೊಳ್ಳುವ ವಿದ್ಯೆಯೊಂದಿದೆ. ಪುಸ್ತಕದ ಮಾತಿನಲ್ಲಿ ಅದು ಕಟ್ಟಡಗಳ ಉಷ್ಣ ಅನುಕರಣೆ. ವಾಸ್ತುಶಿಲ್ಪಿಗಳ ಕಚೇರಿಯಲ್ಲಿ ಸಿಮ್ಯುಲೇಶನ್. ಈ ಉಪನ್ಯಾಸದ ವಾದ ಚಿಕ್ಕದು. ಗೋಡೆ, ಸೂರುಗಳ ಗುಣವನ್ನು ಅಳೆಯುವಾಗ ಅವು ಎಷ್ಟು ಶಾಖವನ್ನು ತಡೆಯುತ್ತವೆ ಎಂದಷ್ಟೇ ಕೇಳುವ ರೂಢಿ ಬೆಳೆದಿದೆ. ಹಿಡಿದಿಟ್ಟ ಶಾಖವನ್ನು ಯಾವ ಹೊತ್ತಿಗೆ ಒಳಕ್ಕೆ ಬಿಡುತ್ತವೆ ಎಂಬ ಪ್ರಶ್ನೆ ಹಿಂದೆ ಉಳಿದಿದೆ. ಎ.ಸಿ. ಇಲ್ಲದೆ ಮಲಗುವವರೇ ಬಹುಪಾಲು ಇರುವ ಕರ್ನಾಟಕದಂಥ ನಾಡಿನಲ್ಲಿ ಆ ಪ್ರಶ್ನೆ ಮುಂದೆ ಬರಬೇಕು.

ಈ ವಿದ್ಯೆಯ ಬೇರು ಫ್ರಾನ್ಸಿನಲ್ಲಿದೆ. ನೆಪೋಲಿಯನ್ನನ ಈಜಿಪ್ಟ್ ದಂಡಯಾತ್ರೆಯ ಜೊತೆ ಹೋಗಿಬಂದ ಜೋಸೆಫ್ ಫೂರಿಯೇ ಅವರು ಗ್ರೆನೋಬಲ್ ಪಟ್ಟಣದಲ್ಲಿ ಆಡಳಿತಾಧಿಕಾರಿಯಾಗಿದ್ದುಕೊಂಡೇ ಶಾಖ ಹರಿಯುವ ಬಗೆಗೆ ಗಣಿತ ಕಟ್ಟಿದರು. 1807ರಲ್ಲಿ ಪ್ಯಾರಿಸ್ಸಿನ ವಿದ್ವಾಂಸರ ಮುಂದಿಟ್ಟಾಗ ಲಗ್ರಾಂಜ್ ಅವರಂಥ ಹಿರಿಯ ಗಣಿತಜ್ಞರು ಒಪ್ಪಲಿಲ್ಲ. ಕೃತಿ ಪೂರ್ಣರೂಪದಲ್ಲಿ ಅಚ್ಚಾಗಿ ಬಂದದ್ದು 1822ರಲ್ಲಿ. ಎಷ್ಟೇ ಅಂಕುಡೊಂಕಾದ ಏರಿಳಿತವನ್ನೂ ಸರಳ ಅಲೆಗಳ ಮೊತ್ತವಾಗಿ ಬಿಡಿಸಬಹುದು, ಒಂದೊಂದು ಅಲೆಯೂ ಘನವಸ್ತುವಿನೊಳಗೆ ತನ್ನದೇ ಗತಿಯಲ್ಲಿ ಸಾಗುತ್ತದೆ ಎಂಬುದು ಅವರ ಕಾಣ್ಕೆ. ಅವಸರದ ಅಲೆ ಮೇಲ್ಮೈಯ ಹತ್ತಿರವೇ ಸಾಯುತ್ತದೆ. ನಿಧಾನದ ಅಲೆ ಆಳಕ್ಕಿಳಿಯುತ್ತದೆ. ವರ್ಷದ ಅಲೆ ದಿನದ ಅಲೆಗಿಂತ 365 ಪಟ್ಟು ನಿಧಾನವಾದ್ದರಿಂದ ಅದರ ವರ್ಗಮೂಲದಷ್ಟು, ಎಂದರೆ ಸುಮಾರು 19 ಪಟ್ಟು, ಹೆಚ್ಚು ಆಳ ಮುಟ್ಟುತ್ತದೆ. ಏಳು ಮೀಟರಿನಷ್ಟು ಆಳದ ನೆಲದಲ್ಲಿ ಬೇಸಿಗೆಯ ಕಾವು ತಲುಪುವ ಹೊತ್ತಿಗೆ ಮೇಲೆ ಚಳಿಗಾಲ ಬಂದಿರುತ್ತದೆ. ಪ್ಯಾರಿಸ್ ಖಗೋಳ ವೀಕ್ಷಣಾಲಯದ ಕೆಳಗೆ ಸುಮಾರು 28 ಮೀಟರ್ ಆಳದಲ್ಲಿರುವ ನೆಲಮಾಳಿಗೆಯಲ್ಲಿ ಉಷ್ಣಮಾಪಕದ ಪಾದರಸ ವರ್ಷವಿಡೀ ಅಲುಗದೆ ನಿಲ್ಲುವುದನ್ನು ಹದಿನೆಂಟನೆಯ ಶತಮಾನದವರು ಅಚ್ಚರಿಯಿಂದ ದಾಖಲಿಸಿದ್ದರು. ಫೂರಿಯೇ ಅವರ ಗಣಿತ ಅದಕ್ಕೆ ಕಾರಣ ಕೊಟ್ಟಿತು.

ಅದೇ ಗಣಿತವನ್ನು ನಮ್ಮ ಗೋಡೆಗೆ ತರೋಣ. ಸುಟ್ಟ ಇಟ್ಟಿಗೆಯಲ್ಲಿ ದಿನದ ಅಲೆ 12 ಸೆಂಟಿಮೀಟರ್ ಒಳಹೋಗುವಷ್ಟರಲ್ಲಿ ಅದರ ಎತ್ತರ ಶೇಕಡಾ 37ಕ್ಕೆ ಕುಗ್ಗುತ್ತದೆ, ನಾಲ್ಕು ಗಂಟೆಯಷ್ಟು ಹಿಂದೆಯೂ ಬೀಳುತ್ತದೆ. ಮನೆ ಕಟ್ಟುವ ಮೇಸ್ತ್ರಿಗಳು ಒಂಬತ್ತಿಂಚಿನ ಗೋಡೆ ಎನ್ನುವ 23 ಸೆಂಟಿಮೀಟರ್ ಗೋಡೆಯನ್ನು ದಾಟುವಾಗ ಅಲೆ ಏಳನೆಯ ಒಂದು ಪಾಲಿಗೆ ಇಳಿದು, ಏಳು ಗಂಟೆಗೂ ಮಿಕ್ಕಿ ತಡವಾಗುತ್ತದೆ. ಗಾರೆ, ಒಳಗಿನ ಗಾಳಿ ಇವೆಲ್ಲ ಸೇರಿದಾಗ ಈ ಅಂಕಿಗಳು ತುಸು ಆಚೀಚೆ ಆಗುತ್ತವೆ, ಆದರೆ ಚಿತ್ರ ಬದಲಾಗುವುದಿಲ್ಲ. ಪಡುವಣ ಗೋಡೆಗೆ ಬಿಸಿಲು ಚುರುಕಾಗಿ ಬಡಿಯುವುದು ಮಧ್ಯಾಹ್ನ ನಾಲ್ಕರ ಸುಮಾರಿಗೆ. ಏಳು ಗಂಟೆ ಕೂಡಿಸಿ ನೋಡಿ: ಆ ಬಿಸಿಲು ಹಾಸಿಗೆಯ ಪಕ್ಕಕ್ಕೆ ಬಂದು ತಲುಪುವುದು ರಾತ್ರಿ ಹನ್ನೊಂದಕ್ಕೆ.

ಸೂರಿನ ಲೆಕ್ಕ ಇನ್ನೂ ಕಟು. ಗಾಳಿ 38 ಡಿಗ್ರಿ ಸೆಲ್ಸಿಯಸ್ ಇದ್ದರೂ ತಾರಸಿಯ ಮಟ್ಟಿಗೆ ಹೊರಗಿನ ಉಷ್ಣತೆ 38 ಅಲ್ಲ. ಬಿಸಿಲನ್ನು ಹೀರಿಕೊಳ್ಳುವುದು, ಗಾಳಿಗೂ ಆಕಾಶಕ್ಕೂ ಒಂದಿಷ್ಟು ಕಳೆದುಕೊಳ್ಳುವುದು ಎಲ್ಲವನ್ನೂ ಕೂಡಿ ಕಳೆದು, ಅಷ್ಟೇ ಪರಿಣಾಮ ಮಾಡಬಲ್ಲ ಒಂದು ಕಲ್ಪಿತ ಗಾಳಿಯ ಉಷ್ಣತೆಯನ್ನು ಎಂಜಿನಿಯರುಗಳು ಇಟ್ಟುಕೊಂಡಿದ್ದಾರೆ. ಅಮೆರಿಕದ ಮ್ಯಾಕಿ ಮತ್ತು ರೈಟ್ 1940ರ ದಶಕದಲ್ಲಿ ಈ ಕಲ್ಪನೆಯನ್ನು ಬಳಕೆಗೆ ತಂದರು. ಹಳೆಯದಾಗಿ ಕಪ್ಪಿಟ್ಟ ಕಾಂಕ್ರೀಟಿಗೆ ನಡುಹಗಲಿನಲ್ಲಿ ಈ ಅಂಕಿ 65 ಡಿಗ್ರಿ ದಾಟಬಹುದು. ಅದೇ ತಾರಸಿಗೆ ಸುಣ್ಣ ಬಳಿದರೆ 50ರ ಒಳಗೇ ನಿಲ್ಲಬಹುದು. ಇಷ್ಟು ದೊಡ್ಡ ವ್ಯತ್ಯಾಸ ಕೊಡುವ ಕೆಲಸಕ್ಕೆ ಬೇಕಾದದ್ದು ಒಂದು ಬಕೆಟ್ ಸುಣ್ಣ ಮತ್ತು ಒಂದು ಪೊರಕೆ.

ಸಾವಿರ ಚದರಡಿಯ ಮನೆಯ ಮೇಲೆ 12 ಸೆಂಟಿಮೀಟರ್ ದಪ್ಪದ ಆರ್‌ಸಿಸಿ ತಾರಸಿ ಇದೆ ಎಂದುಕೊಳ್ಳೋಣ. ಅದರ ತೂಕ 25 ಟನ್ನಿಗಿಂತ ಹೆಚ್ಚು. ಅದು 10 ಡಿಗ್ರಿ ಬಿಸಿಯೇರಿದರೆ ಒಡಲಲ್ಲಿ ಸೇರುವ ಶಾಖ ಸುಮಾರು 60 ಯೂನಿಟ್ ವಿದ್ಯುತ್ತಿಗೆ ಸಮ. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆಯೊಂದನ್ನು ಎರಡೂವರೆ ದಿನ ಆರಿಸದೆ ಇಟ್ಟಷ್ಟು! ಮಧ್ಯಾಹ್ನ ಒಂದರ ಬಿಸಿಲಿಗೆ ಕಾದ ತಾರಸಿಯ ಒಳಮೈ ಸಂಜೆ ನಾಲ್ಕೈದರ ಹೊತ್ತಿಗೆ ತನ್ನ ಗರಿಷ್ಠ ಮುಟ್ಟುತ್ತದೆ. ಬಳಿಕ ನಾಲ್ಕು ಗಂಟೆಗೊಮ್ಮೆ ಹೆಚ್ಚುವರಿ ಬಿಸಿ ಮೂರನೆಯ ಒಂದಕ್ಕೆ ಇಳಿಯುತ್ತಾ ಹೋಗುತ್ತದೆ. ಒಂದಿಷ್ಟು ಶಾಖ ಮೇಲಕ್ಕೆ ಆಕಾಶಕ್ಕೆ ಹೋದೀತು, ಉಳಿದದ್ದು ಕೆಳಗೆ ಮಲಗಿದವರ ಮೇಲೆ. ತಾರಸಿ ತನ್ನ ಪಾಲು ಮುಗಿಸುವ ವೇಳೆಗೆ ಪಡುವಣ ಗೋಡೆ ತನ್ನದನ್ನು ಶುರುಮಾಡಿರುತ್ತದೆ. ಬೀದಿಯಲ್ಲಿ ತಂಗಾಳಿ ಬೀಸುವಾಗಲೂ ಮೇಲಂತಸ್ತಿನಲ್ಲಿ ಫ್ಯಾನು ಬಿಸಿಗಾಳಿಯನ್ನೇ ಸುರಿಯುವುದಕ್ಕೆ ಇದು ಕಾರಣ.

ಕಲಬುರಗಿ, ವಿಜಯಪುರದ ಹಳೆಯ ಮಾಳಿಗೆ ಮನೆಗಳು, ಬಳ್ಳಾರಿ, ಕೊಪ್ಪಳದ ಕಡೆಯ ಮೇಲ್ಮುದ್ದೆ ಮನೆಗಳು ಇದೇ ಬಿಸಿಲಿಗೆ ಬೇರೆ ಉತ್ತರ ಕೊಟ್ಟಿದ್ದವು. ತೊಲೆ, ಜಂತಿಗಳ ಮೇಲೆ ದಪ್ಪಗೆ ಮಣ್ಣು ಮೆತ್ತಿದ ಸೂರು, ಅಲ್ಲೊಂದು ಇಲ್ಲೊಂದು ಬೆಳಕಿಂಡಿ. 30 ಸೆಂಟಿಮೀಟರ್ ಒಣಮಣ್ಣಿನಲ್ಲಿ ದಿನದ ಅಲೆ ಹತ್ತು ಗಂಟೆಯಷ್ಟು ತಡವಾಗುತ್ತದೆ. ಎತ್ತರ ಹನ್ನೆರಡನೆಯ ಒಂದು ಪಾಲಿಗೆ ಕುಸಿಯುತ್ತದೆ. ಅಲೆ ಬರುವುದು ನಡುರಾತ್ರಿಗೇ ನಿಜ, ಆದರೆ ಬಂದಾಗ ಅದರಲ್ಲಿ ಕಸುವು ಉಳಿದಿರುವುದಿಲ್ಲ. ಮೇಲಾಗಿ ಆ ಹೊತ್ತಿಗೆ ಮನೆಯವರು ಒಳಗೇ ಇರುತ್ತಿರಲಿಲ್ಲ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಕೌದಿ ಹಾಸಿಕೊಂಡು ಮಲಗುತ್ತಿದ್ದರು. ಹಗಲು ಸೂರಿನ ಕೆಳಗೆ, ರಾತ್ರಿ ಸೂರಿನ ಮೇಲೆ. ಕಟ್ಟಡದ ಗತಿಗೂ ಬದುಕಿನ ಗತಿಗೂ ಹೊಂದಿಕೆ ಇತ್ತು. ಹಳೆಯದನ್ನು ಹೊಗಳುವುದಕ್ಕಾಗಿ ಈ ಮಾತಲ್ಲ. ಮಳೆಗಾಲದಲ್ಲಿ ಆ ಸೂರು ಸೋರುತ್ತಿತ್ತು, ವರ್ಷವರ್ಷವೂ ಮಣ್ಣು ಹಾಕಬೇಕಿತ್ತು, ಗೆದ್ದಲು ಹತ್ತುತ್ತಿತ್ತು. ಜನ ಆರ್‌ಸಿಸಿಗೆ ಹೋದದ್ದಕ್ಕೆ ಬಲವಾದ ಕಾರಣಗಳಿದ್ದವು. ಆದರೆ ಹೋಗುವಾಗ ಹತ್ತು ಗಂಟೆಯ ಆ ಅಂತರವನ್ನು ಕೈಬಿಟ್ಟೆವೆಂದು ಯಾರೂ ಲೆಕ್ಕ ಹಾಕಿ ಹೇಳಲಿಲ್ಲ.

ಲೆಕ್ಕ ಹಾಕುವುದು ಸುಲಭವೂ ಆಗಿರಲಿಲ್ಲ. ಫೂರಿಯೇ ಅವರ ಸಮೀಕರಣ ಒಂದೇ ಪದರದ ಗೋಡೆಗೆ ಚೆನ್ನಾಗಿ ಒದಗುತ್ತದೆ. ಗಾರೆ, ಇಟ್ಟಿಗೆ, ಕಿಟಕಿ, ನೆಲ, ಮೇಜು ಕುರ್ಚಿ, ಒಳಗಿನ ಮನುಷ್ಯರು ಎಲ್ಲ ಸೇರಿದ ಕೋಣೆಗೆ ಅದನ್ನು ಹಚ್ಚಲು ಹೋದರೆ ಕಾಗದ ಸಾಲದು. 1930ರ ದಶಕದಲ್ಲಿ ಬ್ಯೂಕೆನ್ ಎಂಬ ಸಂಶೋಧಕರೂ ಆಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿಕ್ಟರ್ ಪಾಶ್ಕಿಸ್ ಅವರೂ ಒಂದು ಜಾಣ ಅಡ್ಡದಾರಿ ಹಿಡಿದರು. ಶಾಖ ಹರಿಯುವ ನಿಯಮವೂ ವಿದ್ಯುತ್ ಹರಿಯುವ ನಿಯಮವೂ ಗಣಿತದಲ್ಲಿ ಒಂದೇ ರೂಪದವು. ಹಾಗಾದರೆ ಗೋಡೆಯ ಬದಲಿಗೆ ರೋಧಕಗಳನ್ನೂ ಧಾರಕಗಳನ್ನೂ ಜೋಡಿಸಿ ವಿದ್ಯುತ್ ಹಾಯಿಸಿದರೆ, ಅಲ್ಲಿ ಕಾಣುವ ವೋಲ್ಟೇಜೇ ಇಲ್ಲಿಯ ಉಷ್ಣತೆ. ದಿನಗಟ್ಟಲೆ ನಡೆಯುವ ಗೋಡೆಯ ಕಥೆಯನ್ನು ಕೆಲವೇ ನಿಮಿಷಗಳಲ್ಲಿ ಮುಳ್ಳಿನ ಚಲನೆಯಾಗಿ ನೋಡಬಹುದಾಯಿತು. ಇಂದಿಗೂ ಕೋಣೆಯ ಉಷ್ಣತೆಯನ್ನು ಚುಟುಕಾಗಿ ಅಂದಾಜು ಮಾಡುವವರು ಎರಡು ಮೂರು ರೋಧಕ, ಒಂದೆರಡು ಧಾರಕಗಳ ಈ ಜಾಲವನ್ನೇ ಕಾಗದದ ಮೇಲೆ ಬರೆದುಕೊಳ್ಳುತ್ತಾರೆ.

ಕಂಪ್ಯೂಟರ್ ಬಂದ ಮೇಲೆ ದಾರಿ ಎರಡಾಗಿ ಒಡೆಯಿತು. ಒಂದರಲ್ಲಿ ಗೋಡೆಯನ್ನು ಬ್ರೆಡ್ಡಿನಂತೆ ಹೋಳು ಮಾಡಿ, ಪ್ರತಿ ಹೋಳೂ ಪಕ್ಕದ ಹೋಳಿಗೆ ಎಷ್ಟು ಶಾಖ ದಾಟಿಸಿತೆಂದು ಹೆಜ್ಜೆಹೆಜ್ಜೆಯಾಗಿ ಲೆಕ್ಕ ಹಾಕುತ್ತಾರೆ. ಇಲ್ಲೊಂದು ಎಚ್ಚರ ಬೇಕು. ಒಂಬತ್ತಿಂಚಿನ ಇಟ್ಟಿಗೆ ಗೋಡೆಯನ್ನು ಹತ್ತು ಹೋಳು ಮಾಡಿದರೆ, ಸರಳ ವಿಧಾನದಲ್ಲಿ ಹೆಜ್ಜೆ ಎಂಟೊಂಬತ್ತು ನಿಮಿಷಕ್ಕಿಂತ ದೊಡ್ಡದಾಗಕೂಡದು. ಗಂಟೆಗೊಂದು ಹೆಜ್ಜೆ ಇಟ್ಟರೆ ಉತ್ತರ ಹುಚ್ಚೆದ್ದು ಕುಣಿಯುತ್ತದೆ, ಗೋಡೆ ಒಮ್ಮೆ ಕುದಿಯುತ್ತದೆ, ಮರುಹೆಜ್ಜೆಯಲ್ಲಿ ಹಿಮಗಟ್ಟುತ್ತದೆ. 1947ರಲ್ಲಿ ಕ್ರ್ಯಾಂಕ್ ಮತ್ತು ನಿಕಲ್ಸನ್ ಎಂಬ ಗಣಿತಜ್ಞರು ಕೊಟ್ಟ ವಿಧಾನ ಈ ತೊಡಕನ್ನು ಬಿಡಿಸಿತು. ಇನ್ನೊಂದು ದಾರಿ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸ್ಟೀಫನ್‌ಸನ್ ಮತ್ತು ಮಿತಾಲಸ್ 1967ರಲ್ಲಿ ತೋರಿದ್ದು. ಕೆರೆಗೆ ಒಂದು ಕಲ್ಲು ಬಿದ್ದರೆ ಅಲೆ ದಡಕ್ಕೆ ಹೇಗೆ ಬರುತ್ತದೆಂದು ಒಮ್ಮೆ ತಿಳಿದರೆ ಸಾಕು, ನೂರು ಕಲ್ಲು ಬಿದ್ದಾಗ ಏನಾಗುತ್ತದೆಂದು ಕೂಡಿ ಹೇಳಬಹುದು. ಗೋಡೆಯ ಹೊರಮೈಗೆ ಒಂದೇ ಒಂದು ಗಂಟೆ ಒಂದು ಡಿಗ್ರಿಯ ಬಿಸಿ ತಾಗಿಸಿ, ಅದರ ಪರಿಣಾಮ ಮುಂದಿನ ಗಂಟೆಗಳಲ್ಲಿ ಒಳಗೆ ಹೇಗೆ ಹಂಚಿಹೋಗುತ್ತದೆಂದು ಬರೆದಿಟ್ಟುಕೊಂಡರೆ, ಮುಂದೆ ವರ್ಷದ 8,760 ಗಂಟೆಗಳಿಗೂ ಕೂಡುವುದು, ಗುಣಿಸುವುದು ಅಷ್ಟೇ ಕೆಲಸ. ಅಮೆರಿಕದ ಇಂಧನ ಇಲಾಖೆ 2001ರಲ್ಲಿ ಬಿಡುಗಡೆ ಮಾಡಿದ, ಯಾರು ಬೇಕಾದರೂ ಕಾಸು ಕೊಡದೆ ಬಳಸಬಹುದಾದ ಎನರ್ಜಿಪ್ಲಸ್ ತಂತ್ರಾಂಶದಲ್ಲಿ ಈ ಎರಡು ದಾರಿಗಳೂ ಇವೆ.

ಇಂಥ ತಂತ್ರಾಂಶವನ್ನು ನಂಬುವುದು ಹೇಗೆ? ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಆಶ್ರಯದಲ್ಲಿ 1995ರಲ್ಲಿ ಪ್ರಕಟವಾದ ಒಂದು ಪರೀಕ್ಷಾಕ್ರಮವನ್ನು ಇಲ್ಲಿ ನೆನೆಯಬೇಕು. ಎಂಟು ಮೀಟರ್ ಉದ್ದ, ಆರು ಮೀಟರ್ ಅಗಲ, 2.7 ಮೀಟರ್ ಎತ್ತರದ ಒಂದು ಪೆಟ್ಟಿಗೆ, ದಕ್ಷಿಣಕ್ಕೆ 12 ಚದರ ಮೀಟರ್ ಗಾಜು, ಡೆನ್ವರ್ ನಗರದ ಹವೆ. ಇದೇ ಪೆಟ್ಟಿಗೆಯನ್ನು ಬೇರೆ ಬೇರೆ ದೇಶಗಳ ತಂತ್ರಾಂಶಗಳಿಗೆ ಕೊಟ್ಟು ಉತ್ತರಗಳನ್ನು ಅಕ್ಕಪಕ್ಕ ಇಟ್ಟರು. ಪೆಟ್ಟಿಗೆಗೆ ಎರಡು ರೂಪ. ಒಂದರಲ್ಲಿ ಗೋಡೆ, ನೆಲ ಹಗುರ, ಇನ್ನೊಂದರಲ್ಲಿ ಕಾಂಕ್ರೀಟಿನವು. ಶಾಖ ತಡೆಯುವ ಶಕ್ತಿ ಮಾತ್ರ ಎರಡರದ್ದೂ ಹೆಚ್ಚುಕಡಿಮೆ ಒಂದೇ ಇರುವಂತೆ ನೋಡಿಕೊಂಡಿದ್ದರು. ಯಾವ ಯಂತ್ರದ ನೆರವೂ ಇಲ್ಲದೆ ಬಿಟ್ಟಾಗ, ಕಿಟಕಿಯಿಂದ ಬಿಸಿಲು ಬಿದ್ದು ಹಗುರ ಪೆಟ್ಟಿಗೆಯ ಒಳಗಿನ ಗಾಳಿ 60 ಡಿಗ್ರಿ ಮೀರಿತು. ಭಾರದ ಪೆಟ್ಟಿಗೆ 50ರ ಕೆಳಗೇ ಉಳಿಯಿತು.

ತಡೆಯುವ ಶಕ್ತಿ ಸಮವಾಗಿದ್ದೂ ಬಾಳ್ವೆ ಇಷ್ಟು ಬೇರೆ. ಈ ಫಲಿತಾಂಶವನ್ನು ಕಟ್ಟಡ ನಿಯಮ ಬರೆಯುವ ಪ್ರತಿಯೊಬ್ಬರೂ ಮೇಜಿನ ಮೇಲೆ ಇಟ್ಟುಕೊಳ್ಳಬೇಕು.

ಭಾರತದಲ್ಲಿ ವಾಸದ ಮನೆಗಳಿಗಾಗಿ 2018ರಲ್ಲಿ ಇಕೋ-ನಿವಾಸ್ ಸಂಹಿತೆ ಬಂತು. ಸೂರಿನ ಮೂಲಕ ಶಾಖ ದಾಟುವ ಪ್ರಮಾಣ, ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ 1.2 ವ್ಯಾಟ್ ಮೀರಬಾರದೆಂದು ಅದು ಹೇಳುತ್ತದೆ. ಬರಿಯ ಆರ್‌ಸಿಸಿ ತಾರಸಿಯಲ್ಲಿ ಈ ಪ್ರಮಾಣ 3ಕ್ಕೂ ಮಿಕ್ಕಿ ಇರುವುದರಿಂದ ಇದು ದೊಡ್ಡ ಸುಧಾರಣೆ, ಸ್ವಾಗತಿಸಬೇಕಾದದ್ದು. ಆದರೆ ಆ ಸಂಖ್ಯೆಗೆ ಗಡಿಯಾರವಿಲ್ಲ. ಉಷ್ಣನಿರೋಧಕ ಪದರವನ್ನು ತಾರಸಿಯ ಮೇಲೆ ಹಾಸಿದರೂ ಸಂಖ್ಯೆ ಅದೇ, ಕೆಳಗೆ ಫಾಲ್ಸ್ ಸೀಲಿಂಗಿನ ಒಳಗೆ ತೂರಿಸಿದರೂ ಅದೇ. ಅನುಕರಣೆಯಲ್ಲಿ ಈ ಎರಡು ಮನೆಗಳು ಒಂದೇ ಅಲ್ಲ. ಮೇಲೆ ಹಾಸಿದರೆ ಬಿಸಿಲು ಕಾಂಕ್ರೀಟನ್ನು ಮುಟ್ಟುವುದೇ ಇಲ್ಲ. ರಾತ್ರಿ ಕಿಟಕಿ ತೆರೆದು ತಂಪು ಮಾಡಿದ 25 ಟನ್ನಿನ ತಾರಸಿ ಮರುದಿನವೆಲ್ಲ ಕೋಣೆಯ ಕಾವನ್ನು ಹೀರುತ್ತದೆ. ಕೆಳಗೆ ಹಾಕಿದರೆ ಆ ಭಾರ ಕೋಣೆಗೆ ದಕ್ಕುವುದಿಲ್ಲ, ಹಂಡೆ ಹೊರಗಾಗಿ ಒಳಗೆ ಲೋಟವಷ್ಟೇ ಉಳಿಯುತ್ತದೆ.

ಭಾರ ಎಲ್ಲೆಡೆಯೂ ಒಳ್ಳೆಯದೆಂದು ಇದರ ಅರ್ಥವಲ್ಲ. ಮಂಗಳೂರಿನಲ್ಲಿ ಬೇಸಿಗೆಯ ಹಗಲಿಗೂ ರಾತ್ರಿಗೂ ಇರುವ ಅಂತರ ಏಳೆಂಟು ಡಿಗ್ರಿ ಮಾತ್ರ. ರಾತ್ರಿಯೇ ಸಾಕಷ್ಟು ತಣಿಯದಿದ್ದರೆ ಗೋಡೆ ಯಾವ ತಂಪನ್ನು ಕೂಡಿಟ್ಟುಕೊಳ್ಳಬೇಕು? ಅಲ್ಲಿ ಬೇಕಾದದ್ದು ಬೇಗ ಕಾದು ಬೇಗ ಆರುವ ಸೂರು, ಮೈಮೇಲೆ ಹಾಯುವ ಗಾಳಿ. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಶುರುಮಾಡಿದ ಕಾರ್ಖಾನೆಯ ಹಂಚು ಕರಾವಳಿಯ ಉದ್ದಕ್ಕೂ ಹಬ್ಬಿದ್ದರಲ್ಲಿ ಈ ಗುಣದ ಪಾಲೂ ಇದೆ. ಹಂಚು ತೆಳು, ಸಂದುಗಳಲ್ಲಿ ಬಿಸಿಗಾಳಿ ಜಾರಿಹೋಗುತ್ತದೆ, ಇಳಿಜಾರು ಮಳೆಗೆ ಒದಗುತ್ತದೆ. ಅದೇ ಹಂಚನ್ನು ಮೇ ತಿಂಗಳ ಹಗಲು 40 ಡಿಗ್ರಿ ಮುಟ್ಟುವ ಕಲಬುರಗಿಯಲ್ಲಿ ಹೊದಿಸಿದರೆ ಮಧ್ಯಾಹ್ನ ಕೂರಲಾಗದು. ಬೆಂಗಳೂರಿನ ಏಪ್ರಿಲ್‌ನಲ್ಲಿ ಹಗಲು ಸುಮಾರು 34, ರಾತ್ರಿ 22. ಈ ಹನ್ನೆರಡು ಡಿಗ್ರಿಯ ಅಂತರ ಒಂದು ಆಸ್ತಿ. 2016ರ ಏಪ್ರಿಲ್ 24ರಂದು ಊರು 39.2 ಡಿಗ್ರಿ ಕಂಡಾಗಲೂ ನಡುರಾತ್ರಿಯ ಗಾಳಿ ಮನೆಯೊಳಗಿನ ಗಾಳಿಗಿಂತ ತಂಪಾಗಿತ್ತೆನ್ನಲು ಭೌತವಿಜ್ಞಾನವೇ ಸಾಕ್ಷಿ. ಒಂದೇ ರಾಜ್ಯಕ್ಕೆ ಒಂದೇ ಮಾದರಿ ಮನೆ ಹೊಂದದು ಎಂಬುದನ್ನು ಗಂಟೆಗಂಟೆಯ ಲೆಕ್ಕ ಇಷ್ಟು ಸ್ಪಷ್ಟವಾಗಿ ತೋರಿಸುತ್ತದೆ.

ಅನುಕರಣೆ ಸೋಲುವ ಜಾಗಗಳನ್ನೂ ಹೇಳಬೇಕು. ಗೋಡೆಯ ಗುಣ ಗೊತ್ತು, ಸೂರ್ಯನ ದಾರಿ ಗೊತ್ತು; ಮನುಷ್ಯರು ಕಿಟಕಿ ಯಾವಾಗ ತೆರೆಯುತ್ತಾರೆಂದು ಯಾವ ಸಮೀಕರಣಕ್ಕೂ ಗೊತ್ತಿಲ್ಲ. ರಾತ್ರಿ ಗಂಟೆಗೆ ಹತ್ತು ಸಲ ಕೋಣೆಯ ಗಾಳಿ ಬದಲಾದರೆ ಗೋಡೆಗಳು ತಣಿಯುತ್ತವೆ, ಒಂದೇ ಸಲ ಬದಲಾದರೆ ಇಲ್ಲ. ನಮ್ಮ ಊರುಗಳಲ್ಲಿ ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾಗುವ ಹೊತ್ತೂ ಸೊಳ್ಳೆ ಒಳನುಗ್ಗುವ ಹೊತ್ತೂ ಒಂದೇ. ದೀಪ ಹಚ್ಚುವ ವೇಳೆಗೆ ಕಿಟಕಿಗಳು ಮುಚ್ಚಿಕೊಳ್ಳುತ್ತವೆ, ಅತ್ಯುತ್ತಮ ವಿನ್ಯಾಸವೂ ಅಲ್ಲಿಗೆ ನಿಂತುಹೋಗುತ್ತದೆ. ಸೊಳ್ಳೆ ಜಾಲರಿಯನ್ನು ಉಷ್ಣ ವಿನ್ಯಾಸದ ಭಾಗವೆಂದು ಲೆಕ್ಕಕ್ಕೆ ಹಿಡಿಯದ ಅನುಕರಣೆ ಈ ನಾಡಿಗೆ ಪೂರ್ತಿ ಒದಗದು. ಹವೆಯ ದತ್ತಾಂಶದ ತೊಡಕೂ ಇದೆ. ತಂತ್ರಾಂಶಕ್ಕೆ ಉಣಿಸುವ ವರ್ಷ ಸಾಮಾನ್ಯವಾಗಿ ಹಿಂದಿನ ದಶಕಗಳಿಂದ ಆಯ್ದು ಹೊಲಿದದ್ದು, ಹೆಚ್ಚಾಗಿ ಬಯಲಿನ ವೀಕ್ಷಣಾಲಯದಲ್ಲಿ ಅಳೆದದ್ದು. ಗಾಳಿಯಾಡದ ಓಣಿಯ ಮನೆ ಎದುರಿಸುವ ರಾತ್ರಿ ಅದಕ್ಕಿಂತ ಬಿಸಿ.

ಯಾವ ಉಷ್ಣತೆಯನ್ನು ಹಿತ ಎನ್ನಬೇಕು ಎಂಬ ಪ್ರಶ್ನೆಗೆ ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಭಾರತದ್ದೇ ಆದ ಉತ್ತರ ಕೊಟ್ಟಿದ್ದಾರೆ. ಕಿಟಕಿ ತೆರೆದು ಕೆಲಸ ಮಾಡುವ ಕಚೇರಿಗಳಲ್ಲಿ ಜನರನ್ನು ಕೇಳಿ ಅವರು ಕಂಡುಕೊಂಡಂತೆ, ಹೊರಗಿನ ಸರಾಸರಿ 30 ಡಿಗ್ರಿ ಇರುವ ದಿನಗಳಲ್ಲಿ ಹಿತವೆನಿಸುವ ಉಷ್ಣತೆ ಸುಮಾರು 29. ಎ.ಸಿ. ಕೋಣೆಯ 24 ಡಿಗ್ರಿಯನ್ನು ಗುರಿಯಾಗಿಟ್ಟರೆ ಪ್ರತಿ ಮನೆಯೂ ಯಂತ್ರ ಬೇಡುತ್ತದೆ. 29 ಸಾಕೆಂದರೆ ಸುಣ್ಣ, ನೆರಳು, ಸರಿಯಾದ ಕಡೆ ಇಟ್ಟ ಭಾರ, ರಾತ್ರಿಯ ಗಾಳಿ ಇವಿಷ್ಟರಲ್ಲೇ ವರ್ಷದ ಬಹುಪಾಲು ಗಂಟೆಗಳನ್ನು ದಾಟಬಹುದು.

ಇದು ಹಿತದ ಪ್ರಶ್ನೆ ಮಾತ್ರವೂ ಅಲ್ಲ. 1995ರ ಜುಲೈಯಲ್ಲಿ ಷಿಕಾಗೋ ನಗರದ ಬಿಸಿಗಾಳಿಗೆ ಎಂದಿಗಿಂತ 700ಕ್ಕೂ ಹೆಚ್ಚು ಜನ ಸತ್ತರು. 2003ರ ಆಗಸ್ಟ್‌ನಲ್ಲಿ ಫ್ರಾನ್ಸಿನಲ್ಲಿ ಆ ಸಂಖ್ಯೆ 15,000ದ ಹತ್ತಿರ ಹೋಯಿತು. ಸೂರಿನ ನೇರ ಕೆಳಗೆ, ಉಷ್ಣನಿರೋಧಕವಿಲ್ಲದ ಮೇಲಂತಸ್ತಿನಲ್ಲಿ ಮಲಗಿದವರಿಗೆ ಅಪಾಯ ಹೆಚ್ಚಿತ್ತೆಂದು ಅಲ್ಲಿಯ ಅಧ್ಯಯನ ತೋರಿಸಿತು. 2010ರ ಮೇ ತಿಂಗಳಲ್ಲಿ ಅಹಮದಾಬಾದ್ 46.8 ಡಿಗ್ರಿ ಕಂಡಿತು. ಆ ತಿಂಗಳಲ್ಲಿ ಎಂದಿಗಿಂತ 1,344 ಸಾವು ಹೆಚ್ಚಾದವೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ದೇಹ ಹಗಲಿನ ಬೇಗೆಯಿಂದ ಚೇತರಿಸಿಕೊಳ್ಳುವುದು ರಾತ್ರಿಯಲ್ಲಿ. ಆ ರಾತ್ರಿಯನ್ನು ಸೂರೇ ಕಿತ್ತುಕೊಂಡರೆ ವಯಸ್ಸಾದವರು, ರೋಗಿಗಳು, ಎಳೆಯ ಮಕ್ಕಳು ಮೊದಲು ಸೋಲುತ್ತಾರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಹುಟ್ಟಿದ ಆಸ್ತ್ರ ಕೇಂದ್ರ ಹಳ್ಳಿಯ ಒಲೆ, ಹಳ್ಳಿಯ ಮಣ್ಣಿನ ಇಟ್ಟಿಗೆ ಇವನ್ನು ಪ್ರಯೋಗಶಾಲೆಗೆ ತಕ್ಕ ವಿಷಯಗಳೆಂದು ಸಾಧಿಸಿ ತೋರಿಸಿತು. ಅದೇ ಗೌರವ ಈಗ ನಮ್ಮ ಸೂರುಗಳಿಗೆ ಸಲ್ಲಬೇಕು. ರಾಜ್ಯದ ಎಲ್ಲ ಭಾಗಗಳಲ್ಲೂ ಎಂಜಿನಿಯರಿಂಗ್ ಕಾಲೇಜುಗಳಿವೆ. ಪ್ರತಿ ಕಾಲೇಜೂ ತನ್ನ ಸುತ್ತಲಿನ ಹತ್ತು ಮನೆಗಳಲ್ಲಿ, ಮಾಳಿಗೆಯ ಕೆಳಗೊಂದು, ಹಂಚಿನ ಕೆಳಗೊಂದು, ಆರ್‌ಸಿಸಿಯ ಕೆಳಗೊಂದು ಉಷ್ಣಮಾಪಕ ಇಟ್ಟು, ಒಂದು ಬೇಸಿಗೆಯ ಗಂಟೆಗಂಟೆಯ ಅಂಕಿಗಳನ್ನು ಬರೆದುಕೊಂಡು ತಂತ್ರಾಂಶದ ಉತ್ತರದೊಡನೆ ಹೋಲಿಸಿ ನೋಡಲಿ. ಉಪಕರಣ ಅಗ್ಗ, ತಂತ್ರಾಂಶ ಉಚಿತ, ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ಮನೆ ಕಟ್ಟಿಸುವವರಲ್ಲಿಯೂ ಒಂದು ವಿನಂತಿ. ನಕ್ಷೆಗೆ ಸಹಿ ಹಾಕುವ ಮೊದಲು, ಕೋಣೆಗಳ ಅಳತೆ, ಬಚ್ಚಲಿನ ಟೈಲ್ಸ್ ಎಲ್ಲ ವಿಚಾರಿಸಿದ ಮೇಲೆ, ಎಂಜಿನಿಯರನ್ನು ಇನ್ನೊಂದು ಪ್ರಶ್ನೆ ಕೇಳಿ: ಏಪ್ರಿಲ್ ತಿಂಗಳ ರಾತ್ರಿ ಹನ್ನೊಂದಕ್ಕೆ ಮಲಗುವ ಕೋಣೆಯ ಸೂರಿನ ಒಳಮೈ ಎಷ್ಟು ಡಿಗ್ರಿ ಇರುತ್ತದೆ? ಉತ್ತರವನ್ನು ಅಂಕಿಯಲ್ಲಿ ಬರೆಸಿಕೊಳ್ಳಿ.